ಕಿರು ವಿದೇಶ ಕಲಿಕೆ: ಯಾರ ಪಾಲಿಗೆ?

ಕೋಲಾರದ ಚಿನ್ನದ ಗಣಿಗೆ 2001ರಲ್ಲಿ ಬೀಗ ಬಿದ್ದ ಮೇಲೆ ಕೆಜಿಎಫ್‌ನ ಬಹುಪಾಲು ದುಡಿಮೆ ಬೆಂಗಳೂರಿನ ರೈಲು ಹತ್ತಿದೆ. ಇಲ್ಲಿನ ಊರಿಗಾಂನಲ್ಲಿ ಎಂಜಿನಿಯರಿಂಗ್ ಓದಿದವರೂ ಬಂಗಾರಪೇಟೆ ದಾಟಿಯೇ ಸಂದರ್ಶನಕ್ಕೆ ಹೋಗಬೇಕು. ಅಲ್ಲಿ ಪಕ್ಕದಲ್ಲಿ ಕುಳಿತ ಅಭ್ಯರ್ಥಿಯ ಸ್ವವಿವರದಲ್ಲಿ ವಿದೇಶಿ ವಿಶ್ವವಿದ್ಯಾಲಯವೊಂದರ ಬೇಸಿಗೆ ಕೋರ್ಸ್ ಇದ್ದರೆ ತೂಕ ಅತ್ತ ವಾಲುವುದು ಸಹಜ.

ಆ ತೂಕ ಬರೀ ಭ್ರಮೆಯಲ್ಲ. ಯುರೋಪಿನ ಎರಾಸ್ಮಸ್ ವಿದ್ಯಾರ್ಥಿ ವಿನಿಮಯದ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೊರದೇಶದಲ್ಲಿ ಕಲಿತವರು ದೀರ್ಘಕಾಲ ನಿರುದ್ಯೋಗಿಗಳಾಗಿ ಉಳಿಯುವ ಸಾಧ್ಯತೆ ಇತರರಿಗಿಂತ ಅರ್ಧದಷ್ಟು. ಆದರೆ ಹಾಗೆ ಹೋಗುವವರಲ್ಲಿ ಅನುಕೂಲಸ್ಥ ಮನೆಯವರೇ ಹೆಚ್ಚು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹತ್ತು ದಿನದ ಪ್ರವಾಸಕ್ಕೆ ಪ್ರಮಾಣಪತ್ರ ಅಂಟಿಸಿದರೆ ಕೌಶಲ ಬಾರದು. ನಿಜವಾದ ಕೆಲಸ, ಹೊಣೆ, ಮೌಲ್ಯಮಾಪನ ಇದ್ದರಷ್ಟೇ ಫಲ.

ವಿದೇಶಿ ಉನ್ನತ ವ್ಯಾಸಂಗಕ್ಕೆ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆಯ ನೆರವಿದೆ. ಕೆಲವು ವಾರಗಳ ಇಂಟರ್ನ್‌ಶಿಪ್‌ಗೂ ಅಂಥ ಆಸರೆ ಬೇಕು, ಗಣಿ ಕಾರ್ಮಿಕರ ಮೊಮ್ಮಕ್ಕಳಿಗೆ ಅದರಲ್ಲಿ ಪಾಲು ಸಿಗಬೇಕು. ಅವರು ಹೋಗಬಹುದಾದ ಜಾಗಕ್ಕೆ ಒಂದು ಉದಾಹರಣೆ: ಜರ್ಮನಿಯ ಎಸೆನ್‌ನಲ್ಲಿ ಮುಚ್ಚಿದ ಕಲ್ಲಿದ್ದಲು ಗಣಿ ಝೋಲ್ವೆರೈನ್ ಇಂದು ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಕೆಜಿಎಫ್‌ನ ಸೈನೈಡ್ ದಿಬ್ಬಗಳ ನಡುವೆ ಬೆಳೆದ ಎಂಜಿನಿಯರ್‌ಗೆ ಅಲ್ಲಿ ಕಲಿಯುವುದು ಬೇಕಾದಷ್ಟಿದೆ. ಕಾಲೇಜುಗಳು ಇಂಥ ತಾಣಗಳೊಂದಿಗೆ ಇಂಟರ್ನ್‌ಶಿಪ್ ಒಪ್ಪಂದಗಳಿಗೆ ಕೈಹಾಕಲಿ, ಖರ್ಚನ್ನು ಸರ್ಕಾರ ಭರಿಸಲಿ.