ಮನೆಗೆ ಗಂಡಸಾಗಿಬಿಟ್ಟ ಮಕ್ಕಳು

1997ರ ಆಗಸ್ಟ್ 15ರಂದು ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ಉಮ್ಮತ್ತೂರಿನ ಸೀಮೆಯಲ್ಲಿ ಹುಟ್ಟಿದ್ದ ನಿರೀಕ್ಷೆಗಳು ನಮ್ಮ ತಲೆಮಾರಿಗೆ ಚೆನ್ನಾಗಿ ನೆನಪಿವೆ. ಕೆರೆಗಳಿಗೆ ನೀರು ಬರುತ್ತದೆ, ಸಂತೇಮರಹಳ್ಳಿ ರಸ್ತೆ ಸರಿಹೋಗುತ್ತದೆ, ಕಾಯಿಲೆ ಬಿದ್ದವರನ್ನು ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೊತ್ತೊಯ್ಯುವುದು ತಪ್ಪುತ್ತದೆ, ಮಕ್ಕಳು ಊರ ಹತ್ತಿರವೇ ಓದುತ್ತಾರೆ ಎಂದೆಲ್ಲ ಮಾತಾಡಿಕೊಂಡೆವು. ಇವುಗಳಲ್ಲಿ ಎಷ್ಟೋ ತಡವಾಗಿಯಾದರೂ ಕೈಗೂಡಿದವು. ಅಪ್ಪನನ್ನೋ ಅವ್ವನನ್ನೋ ಕಳೆದುಕೊಂಡು ಒಬ್ಬರ ಆಸರೆಯಲ್ಲೇ ಬೆಳೆಯುವ ಹುಡುಗ ಹುಡುಗಿಯರ ಮನಸ್ಸು ಮಾತ್ರ ಅಂದಿನ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಕೇಳಬೇಕೆಂದು ನಮಗೂ ಹೊಳೆದಿರಲಿಲ್ಲ. ಅಂಥ ಮಕ್ಕಳು ಪ್ರತಿ ಕೇರಿಯಲ್ಲೂ ಇದ್ದರು. ಊರು ಹೇಗೋ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯೂ ಇತ್ತು.

ಊರು ನೋಡಿಕೊಂಡದ್ದು ಸುಳ್ಳಲ್ಲ. ಗಂಡ ತೀರಿಕೊಂಡವಳು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದರೆ ಸೋದರಮಾವ ಹುಡುಗನನ್ನು ಹೊಲಕ್ಕೆ ಕರೆದೊಯ್ಯುತ್ತಿದ್ದ. ಅಜ್ಜಿಯ ಪಕ್ಕ ಮಲಗಿದ ಮಗು ರಾತ್ರಿ ಬೆಚ್ಚಿದರೆ ಎದೆಗೆ ಒತ್ತಿಕೊಳ್ಳಲು ಒಂದು ಕೈ ಇತ್ತು. ಊರದೇವತೆ ಉರುಕಾತಮ್ಮನ ಹಬ್ಬಕ್ಕೆ ಅಪ್ಪನಿಲ್ಲದ ಮಗುವಿಗೂ ಯಾರಾದರೊಬ್ಬರು ಅಂಗಿ ತರುತ್ತಿದ್ದರು. ಆದರೆ ಅಂಗಿಯ ಜೊತೆಗೆ ಹಂಗೂ ಬರುತ್ತಿತ್ತು. ಅತ್ತೆಯ ಒಂದು ಮಾತು, ಮದುವೆಮನೆಯಲ್ಲಿ ಅವ್ವ ಮೂಲೆಗೆ ಸರಿದು ನಿಲ್ಲುವುದು, ಗಂಡ ಬಿಟ್ಟವಳ ಮಗಳೆಂದು ಸಂಬಂಧ ಮುರಿಯುವುದು, ಇವನ್ನೆಲ್ಲ ನುಂಗಿಕೊಂಡೇ ಆ ಮಕ್ಕಳು ಬೆಳೆದರು. ಉತ್ತರಾಜಮ್ಮನ ಮಗ ಮಲೆ ಮಾದಪ್ಪನಿಗೆ ಉಘೇ ಎನ್ನುವ ಜಿಲ್ಲೆ ತನ್ನ ಕೇರಿಯ ಒಂಟಿ ತಾಯಿಗೆ ಆ ಗೌರವದ ಒಂದು ಪಾಲನ್ನೂ ಕೊಡಲಿಲ್ಲ. ಆ ಕಾಲವನ್ನು ಬಂಗಾರದ ಕಾಲವೆನ್ನಲು ನನಗೆ ಮನಸ್ಸು ಬಾರದು. ಮಗು ಒಬ್ಬಂಟಿಯಾಗಿರಲಿಲ್ಲ ಎಂಬುದೊಂದೇ ಅದರ ಹೆಚ್ಚುಗಾರಿಕೆ.

ಆ ಆಸರೆ ಕಣ್ಣೆದುರೇ ತೆಳುವಾಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಮಾವಂದಿರೇ ಕೊಡಗಿನ ತೋಟಗಳಿಗೆ, ಕೇರಳದ ಶುಂಠಿ ಕೆಲಸಕ್ಕೆ, ತಿರುಪ್ಪೂರಿನ ಗಾರ್ಮೆಂಟ್ಸಿಗೆ ಹೊರಟರು. ಅಣ್ಣತಮ್ಮಂದಿರು ಪಾಲಾದರು. ಕುಡಿತ ಗಂಡಸರನ್ನು ನಲವತ್ತರೊಳಗೇ ಸುಟ್ಟಿತು. ದಿಕ್ಕಿಲ್ಲದ ಮಕ್ಕಳಿಗಾಗಿ ಜಿ.ಎಸ್. ಜಯದೇವ ಅವರು 1992ರಲ್ಲೇ ಚಾಮರಾಜನಗರದಲ್ಲಿ ಕಟ್ಟಿದ ದೀನಬಂಧು, ಅನ್ನ ಅಕ್ಷರದ ಜೊತೆಗೆ ಅಕ್ಕರೆಯನ್ನೂ ಕೊಡಬಹುದೆಂದು ತೋರಿಸಿಕೊಟ್ಟಿತು. ಆದರೆ ಒಂದು ಆಶ್ರಮ ಎಷ್ಟು ಊರುಗಳ ಮಕ್ಕಳನ್ನು ತಬ್ಬಿಕೊಂಡೀತು? ಉಳಿದವರಿಗೆ ಸಿಕ್ಕಿದ್ದು ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಹಾಸ್ಟೆಲ್. ಅಲ್ಲಿ ಊಟ ಸಿಕ್ಕಿತು, ಓದಿಗೆ ದಾರಿಯಾಯಿತು, ಅದು ದೊಡ್ಡ ಉಪಕಾರವೇ. ರಾತ್ರಿ ಗೋಡೆಗೆ ಮುಖ ಮಾಡಿ ಮಲಗಿದ ಹುಡುಗನನ್ನು ಏನಾಯಿತೆಂದು ಕೇಳುವ ಹೊಣೆ ಅಲ್ಲಿ ಯಾರ ಪಾಲಿಗೂ ಬರಲಿಲ್ಲ.

ಸರ್ಕಾರಕ್ಕೆ ದಾರಿ ಗೊತ್ತಿರಲಿಲ್ಲ ಎನ್ನುವಂತಿಲ್ಲ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು 1982ರಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗೆ ಹಳ್ಳಿಯಲ್ಲೇ ಮದ್ದು ಕೊಡಬಹುದೆಂದು ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿ ತೋರಿಸಿತು; ಅದರ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಕಾರ್ಯಕ್ರಮ ಶುರುವಾಯಿತು. ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ರಾಜ್ಯವೇ. ಆಮೇಲೆ ಹೆಸರುಗಳಿಗೆ ಬರವಿರಲಿಲ್ಲ. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್, ಯುವಕರಿಗೆ ಯುವ ಸ್ಪಂದನ, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ, 2017ರ ಮಾನಸಿಕ ಆರೋಗ್ಯ ಕಾಯ್ದೆ, 2022ರ ಅಕ್ಟೋಬರ್ 10ರಿಂದ ಟೆಲಿ ಮನಸ್‌ನ 14416. ಒಂದೊಂದೂ ಒಳ್ಳೆಯದೇ, ಇವುಗಳಿಂದ ಬದುಕಿಕೊಂಡವರಿದ್ದಾರೆ. ಆದರೆ ಹಳ್ಳಿಗೆಂದೇ ಹುಟ್ಟಿದ ಯೋಚನೆ ತಾಲ್ಲೂಕಿನವರೆಗೆ ಬಂದು ನಿಂತುಬಿಟ್ಟಿತು. 2023ರ ಜೂನ್‌ನಿಂದ ಅವ್ವನಿಗೆ ಬಸ್ಸು ಉಚಿತ, ನಿಜ. ಮಂಗಳವಾರದ ಕೂಲಿ ಬಿಟ್ಟು, ಮಗನಿಗೆ ಸ್ಕೂಲು ಬಿಡಿಸಿ, ಹುಚ್ಚಾಸ್ಪತ್ರೆಗೆ ಹೋದರಂತೆ ಎಂಬ ಮಾತಿಗೂ ಕಿವುಡಾಗಿ ಅವಳು ಆ ಬಸ್ಸು ಹತ್ತಬೇಕು. 14416ಕ್ಕೆ ಕರೆ ಮಾಡಬೇಕಾದರೆ ಹುಡುಗಿ ಮೊದಲು ಅವ್ವನ ಫೋನನ್ನೇ ಕೇಳಬೇಕು.

ಈ ನಡುವೆ ಎರಡು ದುರಂತಗಳು ಜಿಲ್ಲೆಯ ಎದೆಯ ಮೇಲೆ ಬಿದ್ದವು. 2018ರ ಡಿಸೆಂಬರ್ 14ರಂದು ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಮಂದಿ ಪ್ರಾಣಬಿಟ್ಟರು. 2021ರ ಮೇ 2ರ ರಾತ್ರಿ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಸರ್ಕಾರ ಹೇಳಿದ ಸಾವಿನ ಲೆಕ್ಕ 24. ಜಿಲ್ಲೆಯ ಜನ ಇಂದಿಗೂ ಹೇಳುವ ಲೆಕ್ಕ 36. ಸತ್ತವರಲ್ಲಿ ಎಷ್ಟೋ ಮಂದಿ ಮೂವತ್ತು, ನಲವತ್ತರ ಪ್ರಾಯದವರು, ಶಾಲೆಗೆ ಹೋಗುವ ಮಕ್ಕಳಿದ್ದವರು. ಸಚಿವರು ಬಂದರು, ನಾಯಕರು ಬಂದರು, ಪರಿಹಾರದ ಚೆಕ್ಕು, ತನಿಖೆ, ಮನೆಗೊಂದು ನೌಕರಿಯ ಬೇಡಿಕೆ ಎಲ್ಲವೂ ಸುದ್ದಿಯಾದವು. ಅದೇ ವರ್ಷ ಅಕ್ಟೋಬರಿನಲ್ಲಿ ಯಡಪುರದಲ್ಲಿ 450 ಹಾಸಿಗೆಯ ಬೋಧನಾ ಆಸ್ಪತ್ರೆಯನ್ನು ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಕೋವಿಡ್‌ನಲ್ಲಿ ಅನಾಥರಾದ ಮಕ್ಕಳಿಗೆ ಮುಖ್ಯಮಂತ್ರಿಗಳ ಬಾಲ ಸೇವಾ ಯೋಜನೆಯಿಂದ ತಿಂಗಳಿಗೆ 3,500 ರೂಪಾಯಿ ಎಂದಾಯಿತು, ಕೇಂದ್ರದ ಪಿಎಂ ಕೇರ್ಸ್ ಯೋಜನೆಯೂ ಬಂತು. ಎರಡೂ ಕಡೆ ಅನಾಥ ಎನ್ನಿಸಿಕೊಳ್ಳಲು ತಂದೆತಾಯಿ ಇಬ್ಬರೂ ಇಲ್ಲವಾಗಿರಬೇಕಿತ್ತು. ಒಬ್ಬರು ಉಳಿದಿದ್ದಾರಲ್ಲ ಎಂಬ ಕಾರಣಕ್ಕೆ ಹೊರಗೆ ನಿಂತ ಮಕ್ಕಳೇ ನಮ್ಮಲ್ಲಿ ಹೆಚ್ಚು.

ಆ ಉಳಿದವರ ಮನೆಯೊಳಗೆ ಏನು ನಡೆಯುತ್ತದೆಂದು ಹತ್ತಿರದಿಂದ ನೋಡಬೇಕು. ಹೆಣ ಎತ್ತಿದ ದಿನವೇ ನೆಂಟರೊಬ್ಬರು ಹದಿಮೂರರ ಹುಡುಗನ ಹೆಗಲ ಮೇಲೆ ಕೈಯಿಟ್ಟು, ‘ಇನ್ಮೇಲ ನೀನೇ ಕನಪ್ಪ ಈ ಮನಗ ಗಂಡ್ಸು’ ಎನ್ನುತ್ತಾರೆ. ಅಕ್ಕರೆಯಿಂದಲೇ ಹೇಳಿದ ಮಾತು ಅದು. ಅವತ್ತಿನಿಂದ ಆ ಹುಡುಗ ಅಳುವುದಿಲ್ಲ. ರೇಷ್ಮೆ ಸಾಕುವ ಮನೆಯಾದರೆ, ನಾಲ್ಕನೇ ಸಲ ಪೊರೆ ಬಿಡುವ ಜ್ವರ ಕಳೆದು ಹುಳು ಹಸಿದು ಎದ್ದ ಮೇಲೆ ಸರಿರಾತ್ರಿಯಲ್ಲೂ ಸೊಪ್ಪು ಹಾಕಬೇಕು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಂಕಿಗೆ ಬಿಡಬೇಕು. ಅಪ್ಪ ಮಾಡುತ್ತಿದ್ದ ಕೆಲಸ ಅದು. ಎಸ್‌ಎಸ್‌ಎಲ್‌ಸಿಗೆ ಬಂದ ಮೇಲೆ, ಬೆಳಿಗ್ಗೆಯ ವಿಶೇಷ ತರಗತಿಯಲ್ಲಿ ತೂಕಡಿಸಿದರೆ ಅವನು ಸೋಮಾರಿ, ಎದುರು ಮಾತಾಡಿದರೆ ಪುಂಡ. ಫೇಲಾದರೆ ಅಪ್ಪನಿಲ್ಲದೆ ಕೆಟ್ಟ ಎಂದು ಊರು ಹೇಳುತ್ತದೆ, ಅವನು ಶುಂಠಿ ಕೆಲಸದ ಜೀಪು ಹತ್ತುತ್ತಾನೆ. ಹುಡುಗಿಯಾದರೆ ದೂರು ಬೇರೆ: ಹೊಟ್ಟೆನೋವು, ತಲೆಸುತ್ತು, ಮೈಮೇಲೆ ಬರುವುದು. ಗುಡಿಗೆ ಕರೆದೊಯ್ದು ಯಂತ್ರ ಕಟ್ಟಿಸುತ್ತಾರೆ. ಗಂಡು ದಿಕ್ಕಿಲ್ಲದ ಮನೆಯಲ್ಲಿ ಬೆಳೆದ ಹೆಣ್ಣನ್ನು ಎಷ್ಟು ದಿನ ಇಟ್ಟುಕೊಳ್ಳುವುದೆಂಬ ಹೆದರಿಕೆಯಲ್ಲಿ, ಕಾಯ್ದೆ ಎಷ್ಟೇ ಬಿಗಿಯಾಗಿದ್ದರೂ, ಹದಿನೆಂಟು ತುಂಬುವ ಮೊದಲೇ ಮದುವೆ ಗೊತ್ತಾಗುತ್ತದೆ. ಅವ್ವನನ್ನು ಕಳೆದುಕೊಂಡ ಮಕ್ಕಳ ಪಾಡಂತೂ ಕಣ್ಣಿಗೇ ಕಾಣದು. ಹೆಂಡತಿ ಸತ್ತ ಗಂಡಸಿಗೆ ಪಿಂಚಣಿಯಿಲ್ಲ, ಸಂಘವಿಲ್ಲ, ಮಗಳೊಂದಿಗೆ ಮಾತಾಡುವ ರೂಢಿಯೂ ಇಲ್ಲ.

ಹಣದ ಲೆಕ್ಕದಲ್ಲಿ ನಾವು ಮುಂದೆ ಬಂದಿದ್ದೇವೆ, ಅದನ್ನು ಮುಚ್ಚಿಡಬಾರದು. 2021ರಲ್ಲಿ 800 ರೂಪಾಯಿಗೆ ಏರಿದ ವಿಧವಾ ವೇತನ, ಗೃಹಲಕ್ಷ್ಮಿಯ 2,000, ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000: ಹಂಗಿನ ಅನ್ನ ಉಣ್ಣುತ್ತಿದ್ದ ಎಷ್ಟೋ ಮನೆಗಳು ಇವುಗಳಿಂದ ತಲೆಯೆತ್ತಿವೆ. ವಾತ್ಸಲ್ಯದ ನಿಯಮದಲ್ಲಿ ವಿಧವೆಯ, ವಿಚ್ಛೇದಿತೆಯ, ಪರಿತ್ಯಕ್ತೆಯ ಮಕ್ಕಳಿಗೂ ಜಾಗವಿದೆ. ಆದರೆ ಗಂಡ ಸತ್ತರೆ ಮರಣ ಪತ್ರವಿರುತ್ತದೆ. ತಿರುಪ್ಪೂರಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದರೆ ಅವ್ವ ಯಾವ ಕಾಗದ ತೋರಿಸಬೇಕು? ಅಪ್ಪ ಬದುಕಿದ್ದೂ ಇಲ್ಲವಾದ ಮಗುವಿನ ಸಂಕಟ ಎಲ್ಲಕ್ಕಿಂತ ಕಠಿಣವೆಂದು ನನಗನ್ನಿಸುತ್ತದೆ. ಅದಕ್ಕೆ ಅಳಲು ತಿಥಿಯೂ ಇಲ್ಲ, ಕಾಯುವುದಕ್ಕೆ ಕೊನೆಯೂ ಇಲ್ಲ.

ಆಮ್ಲಜನಕ ಮುಗಿದ ಆ ಮೇ ತಿಂಗಳಲ್ಲಿ ಹೆತ್ತವರನ್ನು ಕಳೆದುಕೊಂಡು ಎಂಟನೇ ತರಗತಿಗೆ ಕಾಲಿಡಬೇಕಿದ್ದವರು ಈಗ ಪಿಯುಸಿ ದಾಟುವ ವಯಸ್ಸು ಮೀರಿದ್ದಾರೆ. ಹದಿನೆಂಟು ತುಂಬಿದ್ದರಿಂದ ಮಕ್ಕಳ ಯೋಜನೆಗಳ ಪಟ್ಟಿಯಿಂದಲೂ ಹೊರಬಿದ್ದಿದ್ದಾರೆ. ಅವರಲ್ಲಿ ಯಾರು ಓದುತ್ತಿದ್ದಾರೆ, ಯಾರು ಊರು ಬಿಟ್ಟರು, ಯಾರಿಗೆ ಇನ್ನೂ ನಿದ್ದೆ ಬರುತ್ತಿಲ್ಲ ಎಂದು ಜಿಲ್ಲಾಡಳಿತ ಒಮ್ಮೆ ಮನೆಮನೆಗೆ ಹೋಗಿ ಕೇಳಿಸಬೇಕು. ಆಶಾ ಕಾರ್ಯಕರ್ತೆಗೆ ಆ ಮನೆಗಳು ಗೊತ್ತು. ಮೇಷ್ಟರಿಗೆ ಆ ಮಕ್ಕಳ ಮುಖ ಗೊತ್ತು. ಇಬ್ಬರಿಗೂ ಬಳ್ಳಾರಿಯಲ್ಲಿ ಕೊಟ್ಟಂಥ ತರಬೇತಿ ಬೇಕು. ಹಾಸ್ಟೆಲ್ ವಾರ್ಡನ್ನಿಗೂ ಬೇಕು. ಉಮ್ಮತ್ತೂರಿನ ಅವ್ವಂದಿರು ಕೂಲಿ ಕಳೆದುಕೊಳ್ಳದೆ ಮಕ್ಕಳೊಂದಿಗೆ ಹೋಗಿಬರುವಂತೆ, ಸಂತೇಮರಹಳ್ಳಿಯ ಆಸ್ಪತ್ರೆಯಲ್ಲಿ ವಾರಕ್ಕೊಂದು ಸಂಜೆ, ಶಾಲೆ ಬಿಟ್ಟ ಮೇಲೆ, ಒಬ್ಬ ಆಪ್ತಸಮಾಲೋಚಕರು ಕೂರಬೇಕು. ಹೊಸ ಕಟ್ಟಡ ಬೇಡ, ಬಾಗಿಲು ಮುಚ್ಚಿಕೊಳ್ಳುವಂಥ ಒಂದು ಕೋಣೆ ಸಾಕು.