ನಡುಮೈದಾನದ ನೀರಗಂಟಿ

ಸಿರುಗುಪ್ಪದ ಕಡೆ ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಉಪಕಾಲುವೆಯ ತೂಬಿನ ಬಳಿ ಒಬ್ಬ ಮನುಷ್ಯ ಓಡಾಡುತ್ತಿರುತ್ತಾನೆ. ಹೆಗಲ ಮೇಲೊಂದು ಟವೆಲ್ಲು, ಬಾಯಲ್ಲಿ ಎಲೆಯಡಿಕೆ. ಯಾವ ತೂಬನ್ನು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು, ಯಾರ ಗದ್ದೆಗೆ ನಿನ್ನೆ ಹರಿದಿದೆ, ಯಾರದ್ದು ಇನ್ನೂ ಒಣಗಿದೆ ಎಂಬ ಲೆಕ್ಕವೆಲ್ಲ ಅವನ ತಲೆಯಲ್ಲೇ. ಭತ್ತ ಮನೆಗೆ ಬಂದಾಗ ಎಕರೆಗೆ ಎಷ್ಟು ಚೀಲ ಎಂಬ ಮಾತು ಊರೆಲ್ಲ ನಡೆಯುತ್ತದೆ. ತೂಬೆತ್ತಿದವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಕಾಲುವೆಯ ಕೊನೆಭಾಗದ ಗದ್ದೆಗೆ ನೀರು ಬಾರದ ದಿನ ಮಾತ್ರ ಊರಿಗೂರೇ ಅವನ ಹೆಸರು ಹಿಡಿದು ಕೂಗುತ್ತದೆ.

ಫುಟ್‌ಬಾಲ್ ಆಟದಲ್ಲೂ ಇಂಥ ನೀರಗಂಟಿಯೊಬ್ಬನಿರುತ್ತಾನೆ. ಅವನು ನಿಲ್ಲುವುದು ನಡುಮೈದಾನದಲ್ಲಿ. ಹಿಂದಿನವರಿಂದ ಚೆಂಡು ಪಡೆದು, ತಲೆಯೆತ್ತಿ ನೋಡಿ, ಬೇಕಾದ ಕಡೆಗೆ ಹರಿಸುವುದು ಅವನ ಕೆಲಸ. ಹಾಗೆ ಹರಿಸುವುದರಲ್ಲಿ ನಮ್ಮ ಕಾಲದಲ್ಲಿ ಎಲ್ಲರಿಗಿಂತ ಹೆಸರಾದವರಲ್ಲಿ ಒಬ್ಬ ಜರ್ಮನಿಯ ಟೋನಿ ಕ್ರೂಸ್. 2024ರ ಜುಲೈ 5ರಂದು ಸ್ಟುಟ್‌ಗಾರ್ಟ್ ನಗರದಲ್ಲಿ ಯೂರೋಪ್ ಕಪ್ಪಿನ ಕ್ವಾರ್ಟರ್ ಫೈನಲ್ ಪಂದ್ಯವನ್ನು ಸ್ಪೇನಿಗೆ 2-1ರಿಂದ ಸೋತು ಆತ ಬೂಟು ಬಿಚ್ಚಿದ. ಆಗ ವಯಸ್ಸು 34. ಇನ್ನೂ ನಾಲ್ಕು ವರ್ಷ ಆಡಬಹುದಿತ್ತು ಎಂದವರೇ ಹೆಚ್ಚು.

ಕ್ರೂಸ್ ಹುಟ್ಟಿದ್ದು 1990ರ ಜನವರಿಯಲ್ಲಿ, ಗ್ರೈಫ್ಸ್‌ವಾಲ್ಡ್ ಎಂಬ ಊರಿನಲ್ಲಿ. ಬರ್ಲಿನ್ ಗೋಡೆ ಬಿದ್ದು ಎರಡು ತಿಂಗಳಾಗಿತ್ತು. ಆದರೆ ಪೂರ್ವ ಜರ್ಮನಿ ಎಂಬ ದೇಶ ಇನ್ನೂ ಭೂಪಟದಲ್ಲಿತ್ತು. 2014ರಲ್ಲಿ ವಿಶ್ವಕಪ್ ಗೆದ್ದ ಜರ್ಮನ್ ತಂಡದಲ್ಲಿ ಆ ಅಳಿದ ದೇಶದಲ್ಲಿ ಹುಟ್ಟಿದವನು ಇವನೊಬ್ಬನೇ. ತಂದೆ ಫುಟ್‌ಬಾಲ್ ತರಬೇತುದಾರ, ತಾಯಿ ಬ್ಯಾಡ್ಮಿಂಟನ್ ಆಟಗಾರ್ತಿ. 17ನೆಯ ವಯಸ್ಸಿಗೆ ಬಯರ್ನ್ ಮ್ಯೂನಿಕ್ ಕ್ಲಬ್ಬಿನ ದೊಡ್ಡವರ ತಂಡಕ್ಕೆ ಇಳಿದ ಮೊದಲ ಪಂದ್ಯದಲ್ಲಿ, ಸಿಕ್ಕ ಕೆಲವೇ ನಿಮಿಷಗಳಲ್ಲಿ, ಬೇರೆಯವರು ಎರಡು ಗೋಲು ಹೊಡೆಯುವಂತೆ ಚೆಂಡು ಒದಗಿಸಿದ. ಮುಂದಿನ ಹದಿನೇಳು ವರ್ಷ ಆತ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

2014ರಿಂದ ಹತ್ತು ವರ್ಷ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಪರ ಆಡಿದ್ದು 460ಕ್ಕೂ ಹೆಚ್ಚು ಪಂದ್ಯ. ಹೊಡೆದ ಗೋಲು 30 ಮುಟ್ಟಲಿಲ್ಲ. ಆದರೆ ಯೂರೋಪಿನ ಕ್ಲಬ್ಬುಗಳ ಅತಿ ದೊಡ್ಡ ಪ್ರಶಸ್ತಿಯಾದ ಚಾಂಪಿಯನ್ಸ್ ಲೀಗನ್ನು ಆತ ಗೆದ್ದದ್ದು ಆರು ಸಲ: ಬಯರ್ನ್ ಜೊತೆ ಒಂದು, ಮ್ಯಾಡ್ರಿಡ್ ಜೊತೆ ಐದು. ಕೊನೆಯದು 2024ರ ಜೂನ್ 1ರಂದು ಲಂಡನ್ನಿನ ವೆಂಬ್ಲಿಯಲ್ಲಿ, ಡಾರ್ಟ್‌ಮಂಡ್ ವಿರುದ್ಧ. ಆ ದಿನ ಮೊದಲ ಗೋಲು ಬಂದದ್ದು ಕ್ರೂಸ್ ಒದ್ದ ಕಾರ್ನರ್ ಕಿಕ್ಕಿನಿಂದ. ತಲೆ ಕೊಟ್ಟವನು ಕಾರ್ವಹಾಲ್. ಮರುದಿನದ ಪತ್ರಿಕೆಗಳಲ್ಲಿ ಗೋಲು ಯಾರ ಹೆಸರಿನಲ್ಲಿತ್ತೆಂದು ಹೇಳಬೇಕಾಗಿಲ್ಲ.

ಇಷ್ಟಾದರೂ ಆತನ ನಾಡಿನಲ್ಲೇ ಅವನಿಗೆ ಅಡ್ಡಹೆಸರೊಂದಿತ್ತು: ‘ಅಡ್ಡ ಪಾಸಿನ ಟೋನಿ’. ಚೆಂಡನ್ನು ಮುಂದಕ್ಕೆ ಒಯ್ಯದೆ ಬರೀ ಎಡಕ್ಕೂ ಬಲಕ್ಕೂ ತಳ್ಳುತ್ತಾನೆ ಎಂಬ ಗೇಲಿ. 2021ರಲ್ಲಿ ಬಯರ್ನ್ ಕ್ಲಬ್ಬಿನ ಮಾಜಿ ಅಧ್ಯಕ್ಷ ಉಲಿ ಹೋನೆಸ್, ಈಗಿನ ಬಿರುಸಿನ ಆಟದಲ್ಲಿ ಇಂಥವನಿಗೆ ಜಾಗವಿಲ್ಲ ಎಂದುಬಿಟ್ಟರು.

ಅಡ್ಡ ಪಾಸೆಂದರೆ ಅಷ್ಟು ಹಗುರವಾದುದೇ? ಎಂಟನೆಯ ತರಗತಿಯ ಲೆಕ್ಕ ಹಾಕಿ ನೋಡಬಹುದು. ಚುರುಕಾದ ಆಟಗಾರ ಸೆಕೆಂಡಿಗೆ 8 ಮೀಟರ್ ಓಡುತ್ತಾನೆಂದು ಇಟ್ಟುಕೊಳ್ಳಿ. ಗಟ್ಟಿಯಾಗಿ ತಳ್ಳಿದ ಚೆಂಡು ಸೆಕೆಂಡಿಗೆ 15 ಮೀಟರ್ ಹೋಗುತ್ತದೆ. ಮೈದಾನದ ಈ ಬದಿಯಿಂದ ಆ ಬದಿಗೆ 30 ಮೀಟರ್ ದೂರವನ್ನು ಚೆಂಡು ಎರಡು ಸೆಕೆಂಡಿನಲ್ಲಿ ದಾಟಿದರೆ, ಅದನ್ನು ತಡೆಯಲು ಓಡುವವನಿಗೆ ಸುಮಾರು ನಾಲ್ಕು ಸೆಕೆಂಡು ಬೇಕು. ಉಳಿದ ಸುಮಾರು ಎರಡು ಸೆಕೆಂಡು ಯಾರದು? ಚೆಂಡು ಪಡೆದವನದು. ಮೇಲಾಗಿ ಚೆಂಡಿಗೆ ಏದುಸಿರಿಲ್ಲ, ಬಾಯಾರಿಕೆಯಿಲ್ಲ. ಎದುರಾಳಿಗಳಿಗೆ ಎರಡೂ ಉಂಟು. ಒಂದೂವರೆ ತಾಸು ಹೀಗೆ ಅತ್ತಿಂದಿತ್ತ ಓಡಿಸಿದರೆ ಎಲ್ಲೋ ಒಂದು ಕಡೆ ಬದು ಒಡೆಯಲೇಬೇಕು. ಕ್ರೂಸ್ ಕಾಯುತ್ತಿದ್ದದ್ದು ಆ ಗಳಿಗೆಗೆ. ಆತ ಕೊಟ್ಟ ನೂರು ಪಾಸುಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ತನ್ನವರ ಕಾಲಿಗೇ ಸೇರುತ್ತಿದ್ದವು.

ತಪ್ಪುತ್ತಲೇ ಇರಲಿಲ್ಲ ಎಂದಲ್ಲ. 2014ರ ವಿಶ್ವಕಪ್ ಸೆಮಿಫೈನಲಿನಲ್ಲಿ ಬ್ರೆಜಿಲ್ಲನ್ನು ಅದರ ಮನೆಯಂಗಳದಲ್ಲೇ 7-1ರಿಂದ ಸೋಲಿಸಿದಾಗ ಒಂದೂ ಕಾಲು ನಿಮಿಷದೊಳಗೆ ಎರಡು ಗೋಲು ಹೊಡೆದವನು ಇದೇ ಕ್ರೂಸ್. ಆದರೆ ಐದೇ ದಿನದ ಮೇಲೆ ಫೈನಲಿನಲ್ಲಿ ಆತ ತಲೆಯಿಂದ ಹಿಂದಕ್ಕೆ ತಳ್ಳಿದ ಚೆಂಡು ನೆಟ್ಟಗೆ ಅರ್ಜೆಂಟೀನಾದ ಹಿಗ್ವೈನ್ ಕಾಲಿಗೆ ಬಿತ್ತು. ಮುಂದೆ ಗೋಲಿ ಒಬ್ಬನೇ. ಹಿಗ್ವೈನ್ ಹೊರಕ್ಕೆ ಹೊಡೆದ. ಅದು ಒಳಗೆ ಹೋಗಿದ್ದರೆ ಕ್ರೂಸ್ ಕತೆ ಬೇರೆಯೇ ಆಗುತ್ತಿತ್ತೇನೋ. 2018ರಲ್ಲಿ ಸ್ವೀಡನ್ ವಿರುದ್ಧ ಅಷ್ಟು ಅದೃಷ್ಟವಿರಲಿಲ್ಲ. ಆತ ತಪ್ಪಿ ಕೊಟ್ಟ ಒಂದು ಪಾಸಿನಿಂದಲೇ ಸ್ವೀಡನ್ ಮುನ್ನಡೆ ಪಡೆಯಿತು. ಕೊನೆಯ ಗಳಿಗೆಯಲ್ಲಿ, 95ನೆಯ ನಿಮಿಷದಲ್ಲಿ, ಫ್ರೀ ಕಿಕ್ಕಿನಿಂದ ಗೋಲು ಹೊಡೆದು ಸಾಲ ತೀರಿಸಿದ. ಮುಂದಿನ ಪಂದ್ಯದಲ್ಲಿ ಕೊರಿಯಾಕ್ಕೆ ಸೋತು ಜರ್ಮನಿ ಮನೆಗೆ ಹೋಯಿತು. ಬೈಗುಳದ ದೊಡ್ಡ ಪಾಲು ನಡುಮೈದಾನದವರಿಗೇ.

2021ರಲ್ಲಿ ದೇಶದ ತಂಡ ಬಿಟ್ಟವನನ್ನು 2024ರಲ್ಲಿ ಮತ್ತೆ ಕರೆಯಬೇಕಾಯಿತು. ಮರಳಿ ಬಂದ ಮೊದಲ ಪಂದ್ಯದಲ್ಲಿ, ಫ್ರಾನ್ಸ್ ವಿರುದ್ಧ, ಆಟ ಶುರುವಾಗಿ 8 ಸೆಕೆಂಡಿನೊಳಗೆ ಗೋಲು. ಹೊಡೆದವನು ವಿರ್ಟ್ಸ್, ಚೆಂಡು ಕೊಟ್ಟವನು ಕ್ರೂಸ್. ಹೋನೆಸ್ ಅವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು.

ಇಂಥ ಆಟಗಾರ ಬಳ್ಳಾರಿ ಸೀಮೆಯಲ್ಲಿ ಯಾಕೆ ತಯಾರಾಗುವುದಿಲ್ಲ ಎಂದು ಕೇಳುವವರು ಒಮ್ಮೆ ಕುರುಗೋಡಿಗೆ ಹೋಗಿ ಬರಬೇಕು. ಬಂಡೆಗಲ್ಲಿನ ಬೆಟ್ಟಗಳ ಬುಡದಲ್ಲಿ ಹುಡುಗರು ಎರಡು ಕಲ್ಲಿಟ್ಟು ಗೋಲು ಮಾಡಿಕೊಂಡು ಆಡುವ ನೆಲದ ತುಂಬ ಹರಳು. ನೆಲದ ಮೇಲೆ ನೆಟ್ಟಗೆ ತಳ್ಳಿದ ಚೆಂಡು ಹರಳಿಗೆ ತಾಗಿ ಎಲ್ಲೋ ತಿರುಗುತ್ತದೆ. ಅಲ್ಲಿ ಪಾಸೆಂಬುದು ಜೂಜು. ಹುಡುಗರು ದಡ್ಡರಲ್ಲ; ಚೆಂಡನ್ನು ಮೇಲಕ್ಕೆ ಒದ್ದು ಅದರ ಹಿಂದೆ ಓಡುತ್ತಾರೆ. ಸಮನಾದ ನೆಲವಿಲ್ಲದ ಕಡೆ ಕಾಲಿನ ಬಲ ಬೆಳೆಯುತ್ತದೆ, ಪಾಸಿನ ಅಳತೆ ಬೆಳೆಯುವುದಿಲ್ಲ. ಅದೇ ಜಿಲ್ಲೆಯಲ್ಲಿ, ಬಳ್ಳಾರಿಯಿಂದ ಸುಮಾರು 30 ಕಿಲೋಮೀಟರ್ ದೂರದ ತೋರಣಗಲ್ಲು ಬಳಿಯ ವಿಜಯನಗರದಲ್ಲಿ, 2018ರಲ್ಲಿ ಉಕ್ಕಿನ ಕಾರ್ಖಾನೆಯವರು ತೆರೆದ ಕ್ರೀಡಾ ಸಂಸ್ಥೆಯಲ್ಲಿ ಬೆಂಗಳೂರು ಎಫ್‌ಸಿ ಕ್ಲಬ್ಬಿನ ಹುಡುಗರು ಹುಲ್ಲಿನ ಮೇಲೆ ಕಲಿತಿದ್ದಾರೆ. ಆ ಹುಲ್ಲಿಗೂ ಕುರುಗೋಡಿನ ಹರಳಿಗೂ ಒಂದೇ ಬಿಸಿಲು.

ಕನ್ನಡನಾಡಿನಲ್ಲಿ ನಡುಮೈದಾನದವರು ಹುಟ್ಟಲೇ ಇಲ್ಲ ಎಂದು ಮಾತ್ರ ಯಾರೂ ತಿಳಿಯಬಾರದು. ಬೆಂಗಳೂರಿನ ಎಂ. ಕೆಂಪಯ್ಯ ಎರಡು ಒಲಿಂಪಿಕ್ಸ್ ಆಡಿದವರು: 1956ರ ಮೆಲ್ಬರ್ನ್, 1960ರ ರೋಮ್. ಕಲ್ಕತ್ತೆಯ ಮೋಹನ್ ಬಗಾನ್ ಕ್ಲಬ್ಬಿಗೂ ಆಡಿದರು. ಆಗ ಮಿಡ್‌ಫೀಲ್ಡರ್ ಎಂಬ ಮಾತು ಇಲ್ಲಿ ಬಳಕೆಯಲ್ಲಿರಲಿಲ್ಲ, ಹಾಫ್‌ಬ್ಯಾಕ್ ಎನ್ನುತ್ತಿದ್ದರು. ಕೆಲಸ ಅದೇ, ತೂಬೆತ್ತುವುದು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನಿನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಒಲಿಂಪಿಕ್ಸ್ ಸೆಮಿಫೈನಲ್ ಸೇರಿತು. ಏಷ್ಯಾದ ಬೇರೆ ಯಾವ ದೇಶವೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ. ಸೆಮಿಫೈನಲಿನಲ್ಲಿ ಯುಗೋಸ್ಲಾವಿಯಾಕ್ಕೆ 4-1ರಿಂದ ಸೋತು, ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ 3-0ಯಿಂದ ಸೋತು, ತಂಡ ನಾಲ್ಕನೆಯ ಸ್ಥಾನ ಪಡೆಯಿತು. ನಾಲ್ಕು ವರ್ಷದ ಮೇಲೆ ರೋಮಿನಲ್ಲಿ ಫ್ರಾನ್ಸ್ ಜೊತೆ 1-1 ಸಮ ಮಾಡಿಕೊಂಡಿತು. ಹಂಗೆರಿ, ಪೆರು ತಂಡಗಳಿಗೆ ಸೋತಿತು.

ಮೆಲ್ಬರ್ನಿನ ಆ ನಾಲ್ಕು ಗೋಲುಗಳಲ್ಲಿ ಮೂರು ನೆವಿಲ್ ಡಿಸೋಜ ಅವರವು, ಒಂದು ಕಿಟ್ಟು ಅವರದು. ಇಷ್ಟು ದಾಖಲೆಯಲ್ಲಿದೆ, ಯಾರು ಬೇಕಾದರೂ ನೋಡಿಕೊಳ್ಳಬಹುದು. ಹಾಫ್‌ಬ್ಯಾಕುಗಳು ಎಷ್ಟು ಪಾಸು ಕೊಟ್ಟರು, ನೂರಕ್ಕೆ ಎಷ್ಟು ಸರಿಹೋದವು, ಎದುರಾಳಿಯ ಕಾಲಿನಿಂದ ಎಷ್ಟು ಚೆಂಡು ಕಿತ್ತರು? ಎಣಿಸುವ ಯಂತ್ರ ಆಗಿರಲಿಲ್ಲ. ಎಣಿಸಬೇಕೆಂದು ತೋಚಿದವರೂ ಇದ್ದಂತಿಲ್ಲ. ಕ್ರೂಸ್ ಪುಣ್ಯವಂತ. ಆತನ ಒಂದೊಂದು ಅಡ್ಡ ಪಾಸೂ ಕಂಪ್ಯೂಟರಿನಲ್ಲಿ ಭದ್ರವಾಗಿದೆ. ಕೆಂಪಯ್ಯನವರ ಪಾಸುಗಳು ನೋಡಿದವರ ಕಣ್ಣಿನಲ್ಲಿ ಉಳಿದು, ಆ ಕಣ್ಣುಗಳೊಂದಿಗೇ ಹೋದವು.

ಸಂಜೆ ಐದರ ಮೇಲೆ ಬಳ್ಳಾರಿಯ ಮೈದಾನದಲ್ಲಿ ಬಿಸಿಲು ತಗ್ಗುತ್ತಿದ್ದಂತೆ ಹುಡುಗರು ಎರಡು ಪಂಗಡವಾಗುತ್ತಾರೆ. ಜೋರಾಗಿ ಒದೆಯುವವರನ್ನು ಮೊದಲು ಆರಿಸಿಕೊಳ್ಳುತ್ತಾರೆ. ಕೊನೆಗೆ ಉಳಿದ ಸಣಕಲು ಹುಡುಗನಿಗೆ, “ಲೇ, ನೀ ನಡುವ ನಿಂದ್ರು” ಎಂದು ಅಪ್ಪಣೆಯಾಗುತ್ತದೆ. ಗೋಲಿನ ಲೆಕ್ಕ ಕಾಂಪೌಂಡ್ ಗೋಡೆಯ ಮೇಲೆ, ಇಟ್ಟಿಗೆ ಚೂರಿನಲ್ಲಿ. ಸಣಕಲು ಹುಡುಗ ಧೂಳಿನೊಳಗಿಂದ ಚೆಂಡು ತೆಗೆದು ಬಲಗಡೆಯವನ ಕಾಲಿಗೆ ಮುಟ್ಟಿಸುತ್ತಾನೆ, ಬಲಗಡೆಯವನು ಒದೆಯುತ್ತಾನೆ, ಗೋಲು. ಎಲ್ಲರೂ ಅವನ ಮೈಮೇಲೆ ಬೀಳುತ್ತಾರೆ. ಯಾರೋ ಓಡಿಹೋಗಿ ಗೋಡೆಗೆ ಕೆಂಪು ಗೆರೆ ಎಳೆಯುತ್ತಾರೆ. ಸಣಕಲು ಹುಡುಗ ಅಷ್ಟರಲ್ಲಿ ನಡುವಿಗೆ ಬಂದು ನಿಂತಿರುತ್ತಾನೆ.