ಹಸು ಮಾರಿ ಕಂಠ ಕೊಡಬೇಕೆ?

ಕಳೆದ ಸೋಮವಾರ ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ದರ್ಶನ ಮುಗಿಸಿ, ದಾಸೋಹದ ಊಟ ಉಂಡು ಬಸ್ಸಿಗೆ ಕಾಯುತ್ತಿದ್ದೆ. ಹುಡುಗನೊಬ್ಬ ಪಕ್ಕಕ್ಕೆ ಬಂದು ಕೂತ. ಕಂಠವೋ... ಬಾವಿಯೊಳಗಿಂದ ಬಂದಷ್ಟು ಗಂಭೀರ!

"ಅಣ್ಣಾ, ನಂಗೆ ಡಬ್ಬಿಂಗ್ ಮಾಡೋ ಆಸೆ. ತರಬೇತಿಯವರು ಪ್ರೋ ಟೂಲ್ಸ್ ಇಲ್ದೆ ಯಾರೂ ಚಾನ್ಸ್ ಕೊಡಲ್ಲ ಅಂದ್ರು. ಮನೇಲಿ ಒಂದು ಸೀಮೆ ಹಸು ಐತೆ. ಮಾರ್ಬಿಡ್ಲಾ?"

ನನ್ನ ಎದೆ ಧಸಕ್ಕೆಂದಿತು.

ಓದುಗರೇ, ಕನ್ನಡ ಚಿತ್ರಗಳಿಗೆ ಮದರಾಸಿನಲ್ಲಿ ಮಾತು ಕೂಡಿಸುತ್ತಿದ್ದ ಕಾಲವೊಂದಿತ್ತು. ಫಿಲ್ಮಿನ ತುಂಡನ್ನು ಉಂಗುರದಂತೆ ಅಂಟಿಸಿ, ಅದನ್ನೇ ಮತ್ತೆ ಮತ್ತೆ ಓಡಿಸಿ, ತುಟಿ ಕೂಡುವ ತನಕ ಹೇಳಿಸುತ್ತಿದ್ದರು. ಯಂತ್ರ ಸ್ಟುಡಿಯೋದ್ದು, ಕಂಠ ಕಲಾವಿದನದು. ಚಿತ್ರದ ಡಬ್ಬಿಂಗ್ ಮಟ್ಟಿಗೆ ಇವತ್ತಿಗೂ ಅದೇ ಲೆಕ್ಕ. ಪ್ರೋ ಟೂಲ್ಸ್ ಮುಂದೆ ಕೂರುವವನು ಸ್ಟುಡಿಯೋದ ಇಂಜಿನಿಯರ್, ನೀವಲ್ಲ! ಡಬ್ಬಿಂಗ್ ಚಿತ್ರಗಳನ್ನು ತಡೆದ ಸಂಸ್ಥೆಗಳ ವಿರುದ್ಧ 2015ರಲ್ಲಿ ಸ್ಪರ್ಧಾ ಆಯೋಗ ತೀರ್ಪಿತ್ತ ಮೇಲೆ ಪರಭಾಷೆಯ ನಾಯಕರೂ ಕನ್ನಡ ಮಾತಾಡತೊಡಗಿದ್ದಾರೆ. 2019ರಲ್ಲಿ 'ಸೈರಾ ನರಸಿಂಹ ರೆಡ್ಡಿ' ಬಂದದ್ದು ನೆನಪಿದೆಯಲ್ಲ? ಕಂಠಗಳಿಗೆ ಕೆಲಸವಿದೆ. ಆದರೆ ಕರೆ ಬರಬೇಕಾದರೆ ಮೊದಲು ಮನೆಯಿಂದ ಸ್ಯಾಂಪಲ್ ಹೋಗಬೇಕು.

ಅದಕ್ಕೆ ಆಡಾಸಿಟಿ ಸಾಕು. 2000ದಿಂದ ಪುಕ್ಕಟೆ ಸಿಗುತ್ತಿದೆ. ಜಾಹೀರಾತು, ಪುಸ್ತಕ ಓದುವುದು, ಎಲ್ಲಕ್ಕೂ ಆಗುತ್ತದೆ. ಅದರಲ್ಲಿ ಚಿತ್ರ ಮಾತ್ರ ಕಾಣುವುದಿಲ್ಲ. ತುಟಿ ನೋಡಿ ಮಾತು ಕೂಡಿಸುವ ಅಭ್ಯಾಸ ಬೇಕೆಂದರೆ ರೀಪರ್ ಹಾಕಿಕೊಳ್ಳಿ. ಅರವತ್ತು ದಿನ ಪರೀಕ್ಷೆಗೆ ಕೊಡುತ್ತಾರೆ, ಆಮೇಲೆ ಸ್ವಂತ ಬಳಕೆಗೆ 60 ಡಾಲರ್. ಅಡೋಬಿಯ ಆಡಿಷನ್ ಚೆನ್ನಾಗಿಯೇ ಇದೆ, ಆದರೆ ಬಾಡಿಗೆ ಮನೆಯ ಹಾಗೆ ತಿಂಗಳು ತಿಂಗಳು ಕಟ್ಟಬೇಕು. ಸಂಪಾದನೆ ಶುರುವಾದ ಮೇಲೆ ನೋಡಿಕೊಳ್ಳಬಹುದು.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ನಾಚಿಕೆ ಏನು ಬಂತು! ಹಿಂದೊಮ್ಮೆ ಜಾಹೀರಾತೊಂದಕ್ಕೆ ದನಿ ಕೊಟ್ಟಿದ್ದೆ. ಫ್ಯಾನಿನ ಸದ್ದು ಅಳಿಸಲು ಹೋಗಿ ನಾಯ್ಸ್ ರಿಡಕ್ಷನ್ ಎಳೆದೆ, ಎಳೆದೆ... ನನ್ನ ದನಿ ಕೊಡದೊಳಗೆ ಮಾತಾಡಿದಂತಾಯಿತು! ಸಾಲದ್ದಕ್ಕೆ, ಅವರು ಕೇಳಿದ್ದು 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲು, ನಾನು ಕಳಿಸಿದ್ದು ಎಂಪಿ3. ಕೆಲಸವೂ ಹೋಯಿತು, ಕಾಸೂ ಹೋಯಿತು. ಆ ಹೊತ್ತಿಗೆ ಫ್ಯಾನ್ ಆರಿಸುವ ಬುದ್ಧಿ ಬರಲಿಲ್ಲ ನೋಡಿ.

ಯಡಿಯೂರಿನ ಮುಂದೆ 75ನೇ ಹೆದ್ದಾರಿ. ಮಾತಿನ ನಡುವೆ ಲಾರಿ ಹಾರನ್ ಹೊಕ್ಕರೆ ಅದನ್ನು ಚೊಕ್ಕವಾಗಿ ಕೀಳುವುದು ಎಷ್ಟು ದುಬಾರಿ ಸಾಫ್ಟ್‌ವೇರಿಗೂ ಕಷ್ಟ. ರಾತ್ರಿ ಎರಡು ಗಂಟೆಗೆ ಎದ್ದು, ತಲೆ ಮೇಲೆ ಕಂಬಳಿ ಹೊದ್ದು ಮಾತಾಡು ಎಂದೆ. ಹುಡುಗ ನಕ್ಕ. ನಾನು ತಮಾಷೆಗೆ ಹೇಳಿದ್ದಲ್ಲ. ಕಂಬಳಿ ಗೋಡೆಯ ಪ್ರತಿಧ್ವನಿ ನುಂಗುತ್ತದೆ.

ಅಷ್ಟರಲ್ಲಿ ಬಸ್ಸು ಬಂತು. ಹತ್ತುವಾಗ ಕಿಟಕಿ ಹತ್ತಿರ ಓಡಿ ಬಂದ.

"ಹಂಗಾರೆ ಹಸು ಅಣ್ಣಾ?"

"ಹಸು ಇರ್ಲಿ ಕಣಪ್ಪ. ಅದು ಕೂಗದ ಹೊತ್ತು ನೋಡ್ಕೊಂಡು ಒಂದು ನಿಮಿಷದ ಸ್ಯಾಂಪಲ್ ಮಾಡಿ ಕಳ್ಸು."

ಇನ್ನೂ ಬಂದಿಲ್ಲ. ಕಾಯುತ್ತಿದ್ದೇನೆ.